ಬೆಳಕಿಗೆ ಹಿಡಿದರೆ ಕಾಣುವ ಗೂಳಿ

ಜನವರಿಯಿಂದ ಮಾರ್ಚ್‌ವರೆಗೆ ನಮ್ಮ ಗ್ಯಾರೇಜಿನಲ್ಲಿ ಕಾರು ನಿಂತಿಲ್ಲ. ಒಂದು ಹಳೆಯ ಬಾಗಿಲನ್ನು ಎರಡು ಸ್ಟ್ಯಾಂಡಿನ ಮೇಲೆ ಮಲಗಿಸಿ, ಅದನ್ನೇ ಮೇಜು ಮಾಡಿಕೊಂಡು ಗಾಜು ಕತ್ತರಿಸುತ್ತಿದ್ದೆ. ಕೊನೆಗೆ 30 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರದ ಎರಡು ಫಲಕಗಳು ಆದವು. ಮೊದಲನೆಯದು ನೋಡುವುದಕ್ಕೆ ಚೆನ್ನಾಗಿದೆ, ಆದರೆ ಅದರ ಲೆಕ್ಕವೇ ತಪ್ಪು. ಎರಡನೆಯದರಲ್ಲಿ ಅದು ಸರಿಹೋಯಿತು. ಎಲ್ಲಿ ತಪ್ಪಿತು, ಹೇಗೆ ಸರಿಹೋಯಿತು ಅನ್ನುವುದನ್ನು ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ. ಸ್ಟೇನ್ಡ್ ಗ್ಲಾಸ್, ಅಂದರೆ ಬಣ್ಣದ ಗಾಜಿನ ತುಂಡುಗಳನ್ನು ಸೀಸದ ಪಟ್ಟಿಯಲ್ಲಿ ಕೂಡಿಸಿ ಚಿತ್ರ ಮಾಡುವ ಕೆಲಸ, ಕಲಿಯಬೇಕು ಅಂದುಕೊಂಡವರಿಗೆ ಕೆಲಸಕ್ಕೆ ಬರಬಹುದು.

ಇದೆಲ್ಲ ಶುರುವಾದದ್ದು ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸುಜಾಲೊ ಲೈಬ್ರರಿಯಲ್ಲಿ. ಊರಿಂದ ಯಾರೇ ಬಂದರೂ ನಾವು ಅಲ್ಲಿಗೆ ಕರೆದುಕೊಂಡು ಹೋಗುತ್ತೇವೆ. 1926ರಲ್ಲಿ ತೆರೆದ ಕಟ್ಟಡ ಅದು. ಓದುವ ಕೋಣೆಯ ಉದ್ದ ಸುಮಾರು 250 ಅಡಿ, ಎತ್ತರ 65 ಅಡಿ. ಒಳಗೆ ಕಾಲಿಟ್ಟವರೆಲ್ಲ ಮೊದಲು ಮಾತು ನಿಲ್ಲಿಸುತ್ತಾರೆ, ಆಮೇಲೆ ಕತ್ತೆತ್ತುತ್ತಾರೆ. ಎರಡೂ ಕಡೆ ಉದ್ದುದ್ದ ಕಿಟಕಿಗಳು, ಸೀಸದ ಪಟ್ಟಿಯಲ್ಲಿ ಕೂಡಿಸಿದ ಗಾಜು. ಚರ್ಚಿನ ಕಿಟಕಿ ನೋಡಿ ಬಂದವರು ಇಲ್ಲೂ ಸಂತರನ್ನೋ ರಾಜರನ್ನೋ ಹುಡುಕುತ್ತಾರೆ. ಅವರು ಯಾರೂ ಇಲ್ಲ. ಈ ಕಿಟಕಿಗಳಲ್ಲಿ ಇರುವುದು ನವೋದಯ ಕಾಲದ ಯುರೋಪಿನ ಕಾಗದ ತಯಾರಕರ 28 ವಾಟರ್‌ಮಾರ್ಕ್‌ಗಳ ಪ್ರತಿರೂಪ.

ವರ್ಷಗಟ್ಟಲೆ ಅಲ್ಲಿಗೆ ಹೋಗಿಬಂದಿದ್ದರೂ ನನಗೆ ಇದು ಗೊತ್ತಿರಲಿಲ್ಲ. ಗೊತ್ತಾದ ದಿನ ನೆನಪಾದದ್ದು ನಮ್ಮಪ್ಪ. ಮೈಸೂರಿನ ಮನೆಯಲ್ಲಿ ನೂರರ ನೋಟು ಕೈಗೆ ಬಂದರೆ ಸಾಕು, ಅಪ್ಪ ಅದನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿಯುತ್ತಿದ್ದರು. ಖಾಲಿ ಬಿಳಿ ಜಾಗದಲ್ಲಿ ಮೂರು ಸಿಂಹ ಮೂಡುತ್ತಿತ್ತು, 1996ರಿಂದ ಈಚೆಗೆ ಗಾಂಧಿ ಮುಖ. ಈಗ ಆ ನೋಟಿನ ಕಾಗದವೂ ನಮ್ಮ ಮೈಸೂರಿನಲ್ಲೇ ತಯಾರಾಗುತ್ತದೆ. ಅಪ್ಪ ಮಾಡುತ್ತಿದ್ದದ್ದನ್ನೇ ಈ ಲೈಬ್ರರಿ ಮಾಡುತ್ತಿದೆ ಅನ್ನಿಸಿತು. ಕಟ್ಟಡದಷ್ಟು ದೊಡ್ಡ ಹಾಳೆಯನ್ನು ಎತ್ತಿ ಸೂರ್ಯನಿಗೆ ಹಿಡಿದಿದೆ.

ವಾಟರ್‌ಮಾರ್ಕ್ ಅಂದರೆ ಏನು ಅಂತ ಇಲ್ಲೇ ಹೇಳಿಬಿಡುತ್ತೇನೆ, ಮುಂದಿನ ಕತೆಯೆಲ್ಲ ಅದರ ಮೇಲೇ ನಿಂತಿದೆ. ನವೋದಯ ಕಾಲದ ಯುರೋಪಿನಲ್ಲಿ ಕಾಗದ ಮಾಡುತ್ತಿದ್ದದ್ದು ಹಳೆ ಬಟ್ಟೆ ಕುಟ್ಟಿ. ಆ ನಾರಿನ ನೀರಿನ ತೊಟ್ಟಿಯಲ್ಲಿ ತಂತಿಯ ಜರಡಿ ಮುಳುಗಿಸಿ ಎತ್ತುತ್ತಿದ್ದರು. ನೀರು ಇಳಿದುಹೋಗುತ್ತದೆ, ನಾರು ಜರಡಿಯ ಮೇಲೆ ಹಾಳೆಯಾಗಿ ಉಳಿಯುತ್ತದೆ. ಜರಡಿಯ ಮೇಲೆ ಇನ್ನೊಂದು ತಂತಿಯನ್ನು ಚಿತ್ರದ ಆಕಾರಕ್ಕೆ ಬಗ್ಗಿಸಿ ಹೊಲಿದರೆ, ಅದರ ಮೇಲೆ ನಾರು ತೆಳ್ಳಗೆ ಕೂರುತ್ತದೆ. ಹಾಳೆ ಒಣಗಿದ ಮೇಲೆ ಸುಮ್ನೆ ನೋಡಿದರೆ ಏನೂ ಕಾಣದು. ಬೆಳಕಿಗೆ ಹಿಡಿದರೆ ತೆಳ್ಳಗಿರುವ ಕಡೆ ಚಿತ್ರ. ಇಟಲಿಯಲ್ಲಿ 1282ರ ಸುಮಾರಿಗೇ ಇದು ಬಳಕೆಯಲ್ಲಿತ್ತು.

ನಾನು ಆರಿಸಿಕೊಂಡದ್ದು ಗೂಳಿಯ ತಲೆ. ಆ ಕಾಲದ ಕಾಗದದಲ್ಲಿ ಇದರಷ್ಟು ಓಡಾಡಿದ ಗುರುತು ಕಡಿಮೆ. ಎರಡು ಕೊಂಬು, ಎರಡು ಕಿವಿ, ಕಣ್ಣು, ತಲೆಯ ನಡುವಿನಿಂದ ಮೇಲಕ್ಕೆ ಒಂದು ಕಡ್ಡಿ, ಅದರ ತುದಿಯಲ್ಲಿ ನಕ್ಷತ್ರವೋ ಹೂವೋ ಶಿಲುಬೆಯೋ. ಯುರೋಪಿನಲ್ಲಿ ಅಚ್ಚುಮೊಳೆ ಜೋಡಿಸಿ ಮುದ್ರಿಸಿದ ಮೊದಲ ದೊಡ್ಡ ಪುಸ್ತಕವಾದ ಗುಟೆನ್‌ಬರ್ಗ್ ಬೈಬಲ್ ಅಚ್ಚಾದ ಕಾಗದದಲ್ಲೂ ಗೂಳಿ ತಲೆ ಇದೆ, ಜೊತೆಗೆ ದ್ರಾಕ್ಷಿ ಗೊಂಚಲು ಮತ್ತು ನಡೆಯುವ ಎತ್ತು. ಸುಜಾಲೊದ ಹೊರಗೋಡೆಯ ಮೇಲೆ 18 ಮಹನೀಯರ ಪ್ರತಿಮೆಗಳಿವೆ: ಪ್ಲೇಟೊ, ನ್ಯೂಟನ್, ಡಾರ್ವಿನ್, ಬೀಥೋವನ್. ಗುಟೆನ್‌ಬರ್ಗ್ ಕೂಡ ಅವರ ಸಾಲಿನಲ್ಲಿ ನಿಂತಿದ್ದಾನೆ. ಅವನಿಗೆ ಕಾಗದ ಮಾಡಿಕೊಟ್ಟವರ ಹೆಸರು ಯಾರಿಗೂ ಗೊತ್ತಿಲ್ಲ. ಉಳಿದದ್ದು ಅವರ ಗೂಳಿ ಮಾತ್ರ. ಹೆಸರಿದ್ದವರು ಹೊರಗೆ ಕಲ್ಲಿನ ಹಾಗೆ ಗಟ್ಟಿಯಾಗಿ ನಿಂತಿದ್ದಾರೆ, ಹೆಸರಿಲ್ಲದವರ ಕೈಗುರುತು ಒಳಗೆ ಓದುವವರ ತಲೆಯ ಮೇಲೆ ಬೆಳಕಾಗಿ ಬೀಳುತ್ತದೆ. ಆ ಕಟ್ಟಡದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ.

ಮೊದಲ ಫಲಕದ ಕೆಲಸ ಹೀಗಿತ್ತು. ದಪ್ಪ ಕಾಗದದ ಮೇಲೆ ಪೂರ್ತಿ ಅಳತೆಯ ನಕ್ಷೆ ಬರೆದು, ತುಂಡು ತುಂಡಾಗಿ ಕತ್ತರಿಸಿದೆ. ಇದಕ್ಕೆ ಮೂರು ಅಲಗಿನ ಕತ್ತರಿ ಬರುತ್ತದೆ. ಅದು ಎರಡು ತುಂಡುಗಳ ನಡುವೆ ಒಂದೂಮುಕ್ಕಾಲು ಮಿಲಿಮೀಟರಿನಷ್ಟು ಸಣ್ಣ ಪಟ್ಟಿ ತೆಗೆದುಬಿಡುತ್ತದೆ. ಸೀಸದ ಪಟ್ಟಿಯ ನಡುಗೋಡೆ ಕೂರುವುದು ಆ ಜಾಗದಲ್ಲಿ. ಮಾಮೂಲಿ ಕತ್ತರಿ ಸಾಕು ಅಂತ ಈ ಹೆಜ್ಜೆ ಬಿಟ್ಟರೆ ಪ್ರತಿ ಕೂಡಿಕೆಯಲ್ಲೂ ಫಲಕ ಬೆಳೆಯುತ್ತಾ ಹೋಗಿ, ಕೊನೆಗೆ ಚೌಕಟ್ಟಿನಲ್ಲಿ ಕೂರುವುದಿಲ್ಲ.

ಒಟ್ಟು 23 ತುಂಡು. ನೇರ ಗೆರೆ ಕತ್ತರಿಸುವುದು ಒಂದು ಸಂಜೆಯಲ್ಲಿ ಕೈಗೆ ಬಂತು. ಕಟರಿನ ಸಣ್ಣ ಚಕ್ರ ಗಾಜಿನ ಮೇಲೆ ಉರುಳುವಾಗ ರೇಷ್ಮೆ ಹರಿದ ಹಾಗೆ ಒಂದೇ ಸಮನೆ ಸದ್ದು ಬರಬೇಕು. ಸದ್ದು ನಡುವೆ ನಿಂತರೆ ಅಲ್ಲಿ ಗೆರೆ ಬಿದ್ದಿಲ್ಲ ಅಂತ ಅರ್ಥ. ಆದರೂ ಅದೇ ಗೆರೆಯ ಮೇಲೆ ಇನ್ನೊಂದು ಸಲ ಎಳೆಯಬಾರದು, ಎಳೆದರೆ ಗಾಜು ಅಡ್ಡಾದಿಡ್ಡಿ ಒಡೆಯುತ್ತದೆ, ಕಟರ್ ಚಕ್ರವೂ ಹಾಳು.

ಕಷ್ಟ ಕೊಟ್ಟದ್ದು ಕೊಂಬಿನ ಒಳಬಾಗು. ಗಾಜಿಗೆ ಒಳಗೆ ತಿರುಗುವ ಬಾಗು ಬೇಡ, ಅದು ನೇರ ಓಡಬೇಕು ಅನ್ನುತ್ತದೆ. ಎಡಗೊಂಬಿನ ಪಕ್ಕದ ತುಂಡು ಮೂರು ಸಲ ಒಡೆಯಿತು. ಮೂರೂ ಸಲ ಒಂದೇ ಜಾಗ, ಕಿವಿ ಕೊಂಬಿಗೆ ಸೇರುವ ಮೂಲೆ. ನಾಲ್ಕನೇ ಸಲ ಬಾಗಿನ ಅಂಚಿಗೆ ಗೆರೆ ಹಾಕಿ, ಅದರ ಹೊರಗೆ ಒಂದರ ಮೇಲೊಂದು ಅರ್ಧಚಂದ್ರದ ಹಾಗೆ ಇನ್ನೂ ನಾಲ್ಕು ಗೆರೆ ಹಾಕಿದೆ. ಹೊರಗಿನಿಂದ ಶುರುಮಾಡಿ ಒಂದೊಂದೇ ಚೂರನ್ನು ಇಕ್ಕಳದಲ್ಲಿ ಮುರಿದುಕೊಂಡು ಬಂದೆ. ಕೊನೆಯ ಚೂರು ಟಿಕ್ ಅಂತ ಬಿಟ್ಟಾಗ ಬಾಗು ಹಾಗೇ ಉಳಿಯಿತು. ಆಮೇಲೆ ನೀರು ಹಾಯುವ ಗ್ರೈಂಡರಿನಲ್ಲಿ ಅಂಚು ಉಜ್ಜಿದೆ.

ಸೀಸದ ಪಟ್ಟಿ ಬರುವುದು ಉದ್ದನೆಯ ಕೋಲಿನ ಹಾಗೆ. ಎರಡು ಬದಿಯ ಕಾಲುವೆಯಲ್ಲಿ ಎರಡು ಗಾಜು ಕೂರುತ್ತವೆ. ಬಳಸುವ ಮೊದಲು ಒಂದು ತುದಿಯನ್ನು ವೈಸಿಗೆ ಕಚ್ಚಿಸಿ, ಇನ್ನೊಂದು ತುದಿಯನ್ನು ಇಕ್ಕಳದಲ್ಲಿ ಹಿಡಿದು ಎಳೆಯಬೇಕು. ಆಗ ಸೊಟ್ಟ ಹೋಗಿ ಪಟ್ಟಿ ಬಿಗಿಯಾಗುತ್ತದೆ. ಜೋಡಿಸುವುದು ಮೂಲೆಯಿಂದ: ಒಂದು ಗಾಜು, ಒಂದು ಪಟ್ಟಿ, ಮತ್ತೆ ಗಾಜು, ಅಲ್ಲಾಡದ ಹಾಗೆ ಸುತ್ತ ಕುದುರೆ ಲಾಳದ ಮೊಳೆ. ಬೆಸುಗೆ ಹಾಕುವಾಗ ಒಂದು ಮಾತು ನೆನಪಿರಲಿ. ತವರ ಸೀಸ ಬೆರೆಸಿದ ಬೆಸುಗೆ 190 ಡಿಗ್ರಿ ಆಸುಪಾಸು ಕರಗುತ್ತದೆ, ಪಟ್ಟಿಯ ಸೀಸ 327 ಡಿಗ್ರಿಗೆ. ಸೋಲ್ಡರಿಂಗ್ ಐರನ್ನಿನ ಮೂತಿ ಇದಕ್ಕಿಂತ ಬಿಸಿ ಇರುತ್ತದೆ. ಹಾಗಾಗಿ ಮುಟ್ಟಿ, ಬೆಸುಗೆ ಹರಿದ ತಕ್ಷಣ ಎತ್ತಿಬಿಡಬೇಕು. ನಾನು ಒಂದು ಕೂಡಿಕೆಯಲ್ಲಿ ಜಾಸ್ತಿ ಹೊತ್ತು ಇಟ್ಟೆ. ಪಟ್ಟಿಯೇ ಕರಗಿ ಕಡಲೆಕಾಳಿನಷ್ಟು ತೂತು ಬಿತ್ತು. ಆ ಪಟ್ಟಿ ಬಿಚ್ಚಿ ಹೊಸದು ಹಾಕಿದೆ.

ಸೀಸ ವಿಷ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಮ್ಮ ಮನೆಯಲ್ಲಿ ಏಳು ವರ್ಷದ ಮಗಳಿದ್ದಾಳೆ. ಅದಕ್ಕೇ ಕೆಲಸವೆಲ್ಲ ಗ್ಯಾರೇಜಿನಲ್ಲಿ, ಕೆಲಸದ ಬಟ್ಟೆ ಚಪ್ಪಲಿ ಅಲ್ಲೇ, ಊಟ ಕಾಫಿ ಅಲ್ಲಿಗೆ ತರುವಂತಿಲ್ಲ. ಪುಡಿಯನ್ನು ಪೊರಕೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದೆ.

ಗೂಳಿಯ ಕಣ್ಣಿಗೆ ಬಂದಾಗ ಒಂದು ತೊಡಕು ಎದುರಾಯಿತು. ಕಣ್ಣು ಅಂದರೆ ಮುಖದ ನಡುವೆ ತೇಲುವ ಎರಡು ವೃತ್ತ. ಸೀಸದ ಕೆಲಸದಲ್ಲಿ ಯಾವುದೂ ತೇಲುವ ಹಾಗಿಲ್ಲ. ಪ್ರತಿ ಗೆರೆಯೂ ಇನ್ನೊಂದು ಗೆರೆಯನ್ನು ಹಿಡಿದುಕೊಂಡಿರಬೇಕು. ಅದಕ್ಕೆ ಒಂದು ಕಣ್ಣಿನಿಂದ ಇನ್ನೊಂದು ಕಣ್ಣಿಗೆ, ಅಲ್ಲಿಂದ ಕೆನ್ನೆಯ ಅಂಚಿಗೆ ಪಟ್ಟಿ ಎಳೆದೆ. ಗೂಳಿಗೆ ಕನ್ನಡಕ ಹಾಕಿದ ಹಾಗೆ ಕಂಡಿತು. ಮನಸ್ಸಿಗೆ ಹಿಡಿಸಲಿಲ್ಲ, ಆದರೆ ಬೇರೆ ದಾರಿ ತೋಚಲಿಲ್ಲ. ಚಾಕ್ ಪುಡಿ, ಅಗಸೆ ಎಣ್ಣೆ, ಟರ್ಪೆಂಟೈನ್, ಸ್ವಲ್ಪ ಕಾಡಿಗೆ ಕಪ್ಪು ಕಲಸಿದ ಗಾರೆಯನ್ನು ಗಟ್ಟಿ ಬ್ರಷ್ಷಿನಲ್ಲಿ ಪಟ್ಟಿಗಳ ಅಡಿಗೆ ತುಂಬಿಸಿ, ಮೇಲೆ ಇನ್ನಷ್ಟು ಚಾಕ್ ಪುಡಿ ಉದುರಿಸಿ ಉಜ್ಜಿ, ಒಂದು ವಾರ ಒಣಗಲು ಬಿಟ್ಟೆ.

ಆ ಒಂದು ವಾರ ಕೈ ಖಾಲಿ ಇತ್ತು. ಫಲಕದ ಪಕ್ಕ ಇಡಲು ಒಂದು ನಿಜವಾದ ವಾಟರ್‌ಮಾರ್ಕ್ ಹಾಳೆ ಇದ್ದರೆ ಚೆಂದ ಅಂತ ಮಗಳ ಜೊತೆ ಕಾಗದ ಮಾಡಲು ಕೂತೆ. ಮರದ ಚೌಕಟ್ಟಿಗೆ ಹಿತ್ತಾಳೆ ಜಾಲರಿ ಬಿಗಿದೆ. ಒಂದು ಮಿಲಿಮೀಟರ್ ತಾಮ್ರದ ತಂತಿಯನ್ನು ಅದೇ ನಕ್ಷೆಯ ಮೇಲೆ ಇಟ್ಟು ಬಗ್ಗಿಸಿ, ಕೂದಲೆಳೆಯಂಥ ತಂತಿಯಲ್ಲಿ ಜಾಲರಿಗೆ ಹೊಲಿದೆ. ಇಲ್ಲಿ ಕಣ್ಣು ತೇಲಿತು! ಎರಡು ಪುಟ್ಟ ಉಂಗುರಗಳನ್ನು ಯಾವ ಆಸರೆಯೂ ಇಲ್ಲದೆ ನೇರ ಜಾಲರಿಗೇ ಹೊಲಿದರೆ ಆಯಿತು. ಹತ್ತಿಯ ನಾರನ್ನು ರಾತ್ರಿ ನೆನೆಹಾಕಿ, ಅಡಿಗೆಗೆ ಬಳಸದ ಹಳೆ ಮಿಕ್ಸಿಯಲ್ಲಿ ತಿರುಗಿಸಿ, ಪ್ಲಾಸ್ಟಿಕ್ ತೊಟ್ಟಿಗೆ ಸುರಿದೆವು. ಜರಡಿ ಮುಳುಗಿಸಿ, ಮಟ್ಟಸವಾಗಿ ಎತ್ತಿ, ಎಡಕ್ಕೆ ಬಲಕ್ಕೆ ಒಂದು ಸಣ್ಣ ಅಲುಗು. ನೀರು ಸೋರಿದ ಮೇಲೆ ಒದ್ದೆ ಪಂಚೆಯ ಮೇಲೆ ಮಗುಚಿದೆವು. ಮೊದಲ ಮೂರು ಹಾಳೆ ರೊಟ್ಟಿಯಷ್ಟು ದಪ್ಪ ಬಂದವು, ಏನೂ ಕಾಣಲಿಲ್ಲ. ತೊಟ್ಟಿಗೆ ಇನ್ನೆರಡು ಚೊಂಬು ನೀರು ಹಾಕಿದ ಮೇಲೆ ನಾಲ್ಕನೆಯದು ಸರಿಯಾಗಿ ತೆಳ್ಳಗೆ ಬಂತು.

ಅದು ಒಣಗಿದ ಬೆಳಿಗ್ಗೆ ಮಗಳು ಕಿಟಕಿಗೆ ಹಿಡಿದು ಕೂಗಿದಳು, "ಅಪ್ಪಾ, ಗೂಳಿ ಬೆಳ್ಳಗಿದೆ!"

ನಾನು ಓಡಿಬಂದು ನೋಡಿದೆ. ಹೌದು, ಗೆರೆ ಬೆಳ್ಳಗಿತ್ತು. ತಂತಿ ಇದ್ದ ಕಡೆ ನಾರು ತೆಳ್ಳಗಿತ್ತು, ಅಲ್ಲಿ ಬೆಳಕು ಜಾಸ್ತಿ ಬರುತ್ತಿತ್ತು. ಫಲಕವನ್ನು ಎತ್ತಿ ತಂದು ಪಕ್ಕದಲ್ಲಿ ಹಿಡಿದೆ. ಅದರಲ್ಲಿ ಗೂಳಿ ಕಪ್ಪು. ಸೀಸ ಬೆಳಕನ್ನು ತಡೆಯುತ್ತದೆ, ತಡೆದದ್ದೇ ಗೆರೆಯಾಗುತ್ತದೆ. ಕಾಗದದಲ್ಲಿ ಬೆಳಕು ಹಾದದ್ದು ಗೆರೆಯಾಗುತ್ತದೆ. ಒಂದು ತಿಂಗಳು ಕೂತು ನಾನು ಮಾಡಿದ್ದು ವಾಟರ್‌ಮಾರ್ಕಿನ ನೆಗೆಟಿವ್. ತಂತಿಯ ಗೆರೆ, ಸೀಸದ ಗೆರೆ ಎರಡೂ ಒಂದೇ ಥರ ಕಾಣುತ್ತವೆ ಅಂತ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟಿದ್ದೆ. ನಕ್ಷೆಯ ಮೇಲೆ ಸರಿ, ಬೆಳಕಿನಲ್ಲಿ ತಿರುಗುಮುರುಗು.

ಈ ಗುರುತುಗಳಿಗೆ ಅರ್ಥ ಏನು ಅನ್ನುವುದರ ಬಗ್ಗೆ ದೊಡ್ಡ ಚರ್ಚೆಯೇ ನಡೆದಿದೆ. ಇವೆಲ್ಲ ಗುಪ್ತ ಪಂಥಗಳ ರಹಸ್ಯ ಸಂಕೇತ ಅಂತ ನೂರು ವರ್ಷದ ಹಿಂದೆ ವಾದಿಸಿದವರಿದ್ದಾರೆ. ನನಗೆ ಅದು ಒಪ್ಪಿಗೆಯಾಗಲಿಲ್ಲ. ಬಹುಪಾಲು ಇವು ಗಿರಣಿಯ ಗುರುತು, ಕಾಗದದ ದರ್ಜೆ ಮತ್ತು ಅಳತೆಯ ಗುರುತು. ಅದರಿಂದ ಇವುಗಳ ಬೆಲೆ ಕಡಿಮೆಯಾಗುವುದಿಲ್ಲ. ನಾವು ಶಾಲೆಯಲ್ಲಿ ಪರೀಕ್ಷೆಗೆ ಕೊಳ್ಳುತ್ತಿದ್ದ ಫುಲ್‌ಸ್ಕೇಪ್ ಹಾಳೆ ನೆನಪಿದೆಯಲ್ವಾ? ಪೂರ್ತಿ ಹಾಳೆ ಅಂತ ಇರಬೇಕು ಅಂದುಕೊಂಡಿದ್ದೆ. ಅದು ಗೆಜ್ಜೆ ಕಟ್ಟಿದ ವಿದೂಷಕನ ಟೋಪಿಯ ವಾಟರ್‌ಮಾರ್ಕಿನಿಂದ ಬಂದ ಹೆಸರು. ಕನ್ನಡ ಪುಸ್ತಕಗಳ ಮೊದಲ ಪುಟದಲ್ಲಿ ಕ್ರೌನ್ 1/8 ಅಂತ ಅಚ್ಚಾಗುತ್ತಿತ್ತಲ್ಲ, ಆ ಕ್ರೌನ್ ಕೂಡ ಹಿಂದೆ ಕಾಗದದೊಳಗೆ ಇದ್ದ ಕಿರೀಟ. ಗುರುತು ಮಾಸಿತು, ಹೆಸರು ಉಳಿಯಿತು.

ಸ್ವಿಟ್ಜರ್ಲೆಂಡಿನ ಬ್ರಿಕೆ ಅನ್ನುವ ವಿದ್ವಾಂಸ ಯುರೋಪಿನ ದಫ್ತರಗಳಲ್ಲಿ ಕೂತು ಇಂಥ ಗುರುತುಗಳನ್ನು ಒಂದೊಂದಾಗಿ ಕೈಯಲ್ಲಿ ಎಳೆದುಕೊಂಡು, 1907ರಲ್ಲಿ 16,112 ಚಿತ್ರಗಳನ್ನು ಪ್ರಕಟಿಸಿದ. ಇನ್ನೊಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ಕಾಗದ ಮಾಡುವವರು ಎರಡೆರಡು ಜರಡಿ ಇಟ್ಟುಕೊಳ್ಳುತ್ತಿದ್ದರು. ಒಬ್ಬ ಒಂದನ್ನು ತೊಟ್ಟಿಯಲ್ಲಿ ಅದ್ದುವಾಗ, ಇನ್ನೊಬ್ಬ ಮತ್ತೊಂದನ್ನು ಮಗುಚುತ್ತಿದ್ದ. ಹಾಗಾಗಿ ಪ್ರತಿ ಗೂಳಿಗೂ ಒಂದು ಅವಳಿ ಇರುತ್ತದೆ. ಕೈಯಲ್ಲಿ ಬಗ್ಗಿಸಿದ್ದಲ್ವಾ, ಎರಡೂ ಒಂದೇ ಆಗುವುದಿಲ್ಲ. ಬಳಸುತ್ತಾ ತಂತಿ ಸಡಿಲವಾಗಿ ಕೊಂಬು ವಾಲುತ್ತದೆ, ಕಣ್ಣು ಜರುಗುತ್ತದೆ. ಆ ವಾಲಿಕೆ ನೋಡಿಯೇ ಪುಸ್ತಕ ಯಾವ ವರ್ಷದ್ದು ಅಂತ ಹೇಳುತ್ತಾರೆ. ಗುಟೆನ್‌ಬರ್ಗ್ ಬೈಬಲ್‌ಗಿಂತ ಮೊದಲಿನದು ಅಂತ ಹಲವರು ನಂಬಿದ್ದ ಒಂದು ಪ್ರಾರ್ಥನಾ ಪುಸ್ತಕ 1473ರ ಸುಮಾರಿನದು ಅಂತ ಗೊತ್ತಾದದ್ದು ಅದರ ಕಾಗದದ ಗುರುತುಗಳಿಂದ.

ಎರಡನೇ ಫಲಕಕ್ಕೆ ಬೇರೆ ದಾರಿ ಹಿಡಿದೆ. ಕಪ್ಪು ಗೆರೆ ಎಳೆಯುವ ಬದಲು ಬೆಳಕಿನ ಗೆರೆ ತೆಗೆಯಬೇಕು. ಇದಕ್ಕೆ ಹಳೆಯ ವಿಧಾನ ಒಂದಿದೆ, ಮಧ್ಯಯುಗದ ಗಾಜಿನ ಕೆಲಸದವರೇ ಬಳಸಿದ್ದು. ಲೋಹದ ಆಕ್ಸೈಡ್ ಮತ್ತು ಗಾಜಿನ ಪುಡಿ ಬೆರೆಸಿದ ಕಂದು ಬಣ್ಣವನ್ನು ಗಾಜಿನ ಮೇಲೆ ತೆಳ್ಳಗೆ ಬಳಿಯುವುದು. ಒಣಗಿದ ಮೇಲೆ ಕಡ್ಡಿಯಲ್ಲಿ ಕೆರೆದು ಬೆಳಕಿಗೆ ದಾರಿ ಬಿಡುವುದು. ಆಮೇಲೆ ಕುಲುಮೆಯಲ್ಲಿ ಸುಟ್ಟರೆ ಬಣ್ಣ ಗಾಜಿಗೆ ಕರಗಿ ಅಂಟುತ್ತದೆ.

ನಡುವಿನ ತುಂಡಿಗೆ ತಿಳಿ ಜೇನುಬಣ್ಣದ ಗಾಜು, 18 ಸೆಂ.ಮೀ. ಅಗಲ, 24 ಸೆಂ.ಮೀ. ಎತ್ತರ. ಬಣ್ಣದ ಪುಡಿಗೆ ನೀರು, ಎರಡು ಹನಿ ಗೋಂದು ಹಾಕಿ ಗಾಜಿನ ಹಲಗೆಯ ಮೇಲೆ ಹತ್ತು ನಿಮಿಷ ಅರೆದೆ. ಅಗಲ ಬ್ರಷ್ಷಿನಲ್ಲಿ ಬಳಿದು, ಒಣಗುವ ಮೊದಲೇ ಮೃದು ಕೂದಲಿನ ಇನ್ನೊಂದು ಬ್ರಷ್ಷಿನ ತುದಿಯನ್ನು ಮೇಲೆ ಮೇಲೆ ಆಡಿಸಿದೆ. ಬ್ರಷ್ಷಿನ ಗೆರೆಗಳೆಲ್ಲ ಹೋಗಿ ಮಂಜಿನ ಹಾಗೆ ಸಮನಾಯಿತು. ಮೊದಲ ತುಂಡಿಗೆ ಗೋಂದು ಜಾಸ್ತಿಯಾಗಿತ್ತು. ಕುಲುಮೆಯಿಂದ ಹೊರಬಂದಾಗ ಹಪ್ಪಳದ ಮೇಲಿನ ಹಾಗೆ ಸಣ್ಣ ಸಣ್ಣ ಗುಳ್ಳೆ. ಅದನ್ನು ಬಿಟ್ಟು ಇನ್ನೊಂದು ಗಾಜು ಕತ್ತರಿಸಿದೆ.

ಕೆರೆಯುವ ಕೆಲಸ ಒಂದು ಭಾನುವಾರ ಪೂರ್ತಿ ಹಿಡಿಯಿತು. ಗಾಜಿನ ಕೆಳಗೆ ದೀಪ, ಅದರ ಮೇಲೆ ನಕ್ಷೆ, ಕೈಯಲ್ಲಿ ಚೂಪು ಮಾಡಿದ ಬಿದಿರು ಕಡ್ಡಿ. ಒಣಗಿದ ಬಣ್ಣ ಕುಂಕುಮದಷ್ಟು ನುಣ್ಣಗಿರುತ್ತದೆ, ಬೆರಳು ತಾಗಿದರೂ ಗುರುತು ಬೀಳುತ್ತದೆ. ಅದಕ್ಕೆ ಎರಡು ಪುಸ್ತಕಗಳ ಮೇಲೆ ಒಂದು ಸ್ಕೇಲ್ ಅಡ್ಡ ಇಟ್ಟು, ಮಣಿಕಟ್ಟನ್ನು ಅದರ ಮೇಲೆ ಊರಿದೆ. ಕಡ್ಡಿ ಮುಟ್ಟಿದ ಕಡೆ ಪುಡಿ ಸರಿದು ದೀಪದ ಬೆಳಕು ಹೊಮ್ಮುತ್ತದೆ. ಎಡಗೊಂಬು, ಬಲಗೊಂಬು, ಕಿವಿ. ಮೊದಲ ಫಲಕದಲ್ಲಿ ಮೂರು ಸಲ ಒಡೆದ ಆ ಮೂಲೆ ಇಲ್ಲಿ ಒಂದೇ ಎಳೆತಕ್ಕೆ ಬಂತು. ಕಣ್ಣುಗಳನ್ನು ಕೊನೆಗೆ ಉಳಿಸಿಕೊಂಡಿದ್ದೆ. ಎರಡು ಸಣ್ಣ ವೃತ್ತ, ಯಾವುದಕ್ಕೂ ತಗುಲದೆ ಹಾಗೇ ತೇಲಿದವು. ಆಮೇಲೆ ಹಿನ್ನೆಲೆಯಲ್ಲಿ ಒಣ ಬ್ರಷ್ಷಿನ ಗಟ್ಟಿ ಕೂದಲಿನಿಂದ ಅಡ್ಡಕ್ಕೆ ಮಂದವಾದ ಗೆರೆಗಳನ್ನು ಎಳೆದೆ. ಹಳೆಯ ಕಾಗದದಲ್ಲಿ ಜರಡಿಯ ತಂತಿಗಳೂ ಹಾಗೆ ಕಾಣುತ್ತವೆ.

ಸುಟ್ಟದ್ದು ನಮ್ಮ ಹತ್ತಿರದ ಒಂದು ಕಲಾ ಕೇಂದ್ರದ ಕುಲುಮೆಯಲ್ಲಿ. ನಿಧಾನವಾಗಿ 660 ಡಿಗ್ರಿಗೆ ಏರಿಸಿ, ಹತ್ತು ನಿಮಿಷ ಹಿಡಿದು, ರಾತ್ರಿಯೆಲ್ಲ ತಣಿಯಲು ಬಿಟ್ಟೆವು. ಅವಸರಪಟ್ಟು ಬಾಗಿಲು ತೆಗೆದರೆ ಗಾಜು ಸೀಳುತ್ತದೆ. ಬೆಳಿಗ್ಗೆ ಉಗುರಿನಲ್ಲಿ ಗೀರಿ ನೋಡಿದೆ, ಬಣ್ಣ ಬರಲಿಲ್ಲ. ಸುತ್ತ ತಿಳಿ ಗಾಜಿನ ಪಟ್ಟಿಗಳನ್ನಿಟ್ಟು ಸೀಸದಲ್ಲಿ ಕೂಡಿಸಿದೆ. ಈ ಸಲ ಸೀಸಕ್ಕೆ ಗೂಳಿಯನ್ನು ಬರೆಯುವ ಕೆಲಸ ಇಲ್ಲ, ಹಿಡಿದುಕೊಳ್ಳುವ ಕೆಲಸ ಮಾತ್ರ. ಹನ್ನೆರಡೇ ಕೂಡಿಕೆ, ಒಂದೂ ತೂತು ಬೀಳಲಿಲ್ಲ.

ವಿಡಿಯೊ ಕಾಲಿನಲ್ಲಿ ಅಮ್ಮನಿಗೆ ತೋರಿಸಿದೆ. "ಬಸವಣ್ಣನ ಮುಖ ಅಲ್ವೇನೋ ಇದು? ಬೆಟ್ಟದ ನಂದಿ ಥರಾನೇ ಇದೆ ಕಣೋ" ಅಂದರು. ಇಟಲಿಯ ಕಾಗದದ ಗೂಳಿ ಅಂತ ಹೇಳಿದೆ. "ಯಾವ ಊರಿನದಾದ್ರೇನು, ಒಂದು ಹೂ ಇಡು" ಅಂದರು. ಮಗಳು ಹಿತ್ತಲಿನಿಂದ ಒಂದು ಕೆಮೀಲಿಯ ಹೂ ತಂದು ಕಿಟಕಿಯ ಕಟ್ಟೆಯ ಮೇಲಿಟ್ಟಳು.

ಈಗ ಎರಡೂ ಫಲಕ ಪೂರ್ವದ ಕಿಟಕಿಯಲ್ಲಿ ಪಕ್ಕಪಕ್ಕ ನಿಂತಿವೆ. ಮೊದಲನೆಯದನ್ನು ತೆಗೆದಿಡಲು ಮನಸ್ಸು ಬರಲಿಲ್ಲ. ಮೋಡ ಇಲ್ಲದ ಬೆಳಿಗ್ಗೆ ಬಿಸಿಲು ಎರಡರಲ್ಲೂ ಹಾದು ಒಳಗೆ ಬರುತ್ತದೆ. ನೆಲದವರೆಗೆ ಹೋಗುವಷ್ಟರಲ್ಲಿ ಗೆರೆಗಳು ಕರಗಿಹೋಗುತ್ತವೆ, ಬರೀ ಜೇನುಬಣ್ಣದ ಮಸುಕು. ಆದರೆ ಗಾಜಿನಿಂದ ನಾಲ್ಕು ಬೆರಳು ದೂರದಲ್ಲಿ ಒಂದು ಬಿಳಿ ಹಾಳೆ ಹಿಡಿದರೆ ಗೂಳಿ ಸ್ಪಷ್ಟವಾಗಿ ಬೀಳುತ್ತದೆ: ಒಂದರಿಂದ ನೆರಳಿನ ಗೂಳಿ, ಇನ್ನೊಂದರಿಂದ ಬೆಳಕಿನ ಗೂಳಿ. ಇದನ್ನು ಕಂಡುಹಿಡಿದದ್ದು ಮಗಳು. ಶನಿವಾರ ಬೆಳಿಗ್ಗೆ ಎರಡನೆಯದರ ಮುಂದೆ ನೋಟ್‌ಬುಕ್ ಹಿಡಿದು ನಿಂತು, ಬಿದ್ದ ಬೆಳಕಿನ ಮೇಲೆ ಪೆನ್ಸಿಲ್ ಓಡಿಸುತ್ತಿದ್ದಳು. ಬಲಗೊಂಬಿಗೆ ಬರುವಷ್ಟರಲ್ಲಿ ಸೂರ್ಯ ಜರುಗಿದ್ದ. ಅವಳ ಗೂಳಿಯ ಕೊಂಬು ಒಂದು ಕಡೆಗೆ ವಾಲಿದೆ.